ಹತ್ತು ನಿಮಿಷ ಮುಂದಿರುವ ಗಡಿಯಾರ

ಗೋಡೆಯ ಗಡಿಯಾರದಲ್ಲಿ ಆರು ಗಂಟೆ ಐದು ನಿಮಿಷವಾಗಿತ್ತು. ಅಂದರೆ ಇನ್ನೂ ಐದು ಐವತ್ತೈದು. ಹತ್ತು ನಿಮಿಷ ಕಳೆಯುವುದು ಆ ಮನೆಯಲ್ಲಿ ಯಾರೂ ಕಲಿಸದೆ ಎಲ್ಲರಿಗೂ ಬರುವ ಲೆಕ್ಕ. ಮಗಳು ಅಕ್ಷರ ಕಲಿಯುವ ಮೊದಲೇ ಅದನ್ನು ಕಲಿತಿದ್ದಳು. ‘ಈ ಮನೇಲಿ ನಿಜವಾದ ಟೈಮು ಬೇಕಂದ್ರೆ ಪಕ್ಕದ ಮನೆಗೆ ಹೋಗಿ ಕೇಳ್ಬೇಕು’ ಎಂದು ಮದುವೆಯಾದ ಹೊಸದರಲ್ಲಿ ಹೆಂಡತಿ ನಕ್ಕಿದ್ದಳು. ಆಮೇಲೆ ಅವಳೂ ಕಳೆಯತೊಡಗಿದಳು. ಬಸ್ ಡಿಪೋದ ಟೈಮ್ ಕೀಪರ್ ಮನೆಯಲ್ಲಿ ಗಡಿಯಾರ ಮುಂದಿರದೆ ಇನ್ನೇನಿರುತ್ತದೆ? ಅವನು ಅಡುಗೆಮನೆಯ ಕಟ್ಟೆಗೆ ಒರಗಿ ನೀರಿನ ಬಾಟಲಿ ತುಂಬುವುದನ್ನು ನೋಡುತ್ತ ನಿಂತಿದ್ದ. ತುಂಬಿ ಹೊರಚೆಲ್ಲಿದ ಮೇಲೂ ನಲ್ಲಿ ನಿಲ್ಲಿಸಲು ಕೈ ಬರಲಿಲ್ಲ. ಒಳಕೋಣೆಯಲ್ಲಿ ಮಗಳು ಚೀಲದ ಜಿಪ್ಪು ಎಳೆದ ಸದ್ದು. ಸ್ವಲ್ಪ ಹೊತ್ತಿಗೆ ಅದನ್ನೇ ಬಿಚ್ಚಿದ ಸದ್ದು. ಮತ್ತೆ ಎಳೆದ ಸದ್ದು. ಕಳೆದ ವರ್ಷ ಇಂಥದೇ ಒಂದು ಈಜು ಪಂದ್ಯದ ದಿನ ಅವಳು ಮನೆಯನ್ನೇ ತಲೆಯ ಮೇಲೆ ಹೊತ್ತು ಕುಣಿದಿದ್ದಳು. ಟೋಪಿ ಸಿಗಲಿಲ್ಲವೆಂದು ಅಳುತ್ತ, ಸಿಕ್ಕಿತೆಂದು ನಗುತ್ತ. ಇವತ್ತು ಎಲ್ಲವೂ ಒಂದೇ ಸಲಕ್ಕೆ ಸಿಕ್ಕಂತಿತ್ತು. ನಿನ್ನೆ ಊಟದ ತಟ್ಟೆಯ ಮುಂದೆ ಕೂತು, ತಲೆ ಎತ್ತದೆ, ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದ್ದಳು: ‘ಅಪ್ಪ, ನಾಳೆದೊಂದು ಮುಗೀಲಿ, ಆಮೇಲೆ ಬಿಟ್ಬಿಡ್ತೀನಿ.’ ಹೆಂಡತಿ ಸಾರಿನ ಸೌಟು ಹಿಡಿದು ಹಾಗೇ ನಿಂತಿದ್ದಳು. ‘ಯಾಕೇ? ಚೆನ್ನಾಗೇ ಈಜ್ತಿದೀಯಲ್ಲ?’ ‘ಯಾರು ಹೇಳಿದ್ದು ನಿಂಗೆ? ಅಪ್ಪ ನನ್ನ ಟೈಮು ಬರ್ದಿಡೋ ಪುಸ್ತಕ ನೋಡು ಹೋಗು. ಆಗಲ್ಲ ಅಂತ ಗೊತ್ತಿದ್ದೂ ದಿನಾ ಬೆಳಿಗ್ಗೆ ಐದಕ್ಕೆ ಹೋಗಿ ನೀರಿಗೆ ಬೀಳೋದು ಯಾಕೆ?’ ಅವನು ಆಗ ಅನ್ನ ಕಲಸುತ್ತಿದ್ದ. ಎಷ್ಟೋ ಹೊತ್ತು ಕಲಸಿದ. ತನ್ನ ಬೆರಳುಗಳ ಸಂದಿನಲ್ಲಿ ಅಗುಳುಗಳು ಅಷ್ಟು ಮೆತ್ತಗಾದದ್ದನ್ನು ಅವನು ಹಿಂದೆಂದೂ ಗಮನಿಸಿರಲಿಲ್ಲ.

ಆಗಲ್ಲ ಎನ್ನುವುದು ಸುಳ್ಳಾಗಿತ್ತು. ಅದು ಸುಳ್ಳೆಂದು ಗೊತ್ತಿದ್ದವನು ಜಗತ್ತಿನಲ್ಲಿ ಅವನೊಬ್ಬನೇ.

ಇದು ಶುರುವಾದದ್ದು ಎಂಟು ತಿಂಗಳ ಹಿಂದೆ, ಅವನ ಹೆಬ್ಬೆರಳಿನಿಂದ. ಈಜುಕೊಳದಲ್ಲಿ ಮಕ್ಕಳು ನಲವತ್ತು, ಕಲಿಸುವವರು ಒಬ್ಬರು. ಸದಾ ಬಾಯಲ್ಲಿ ಪೀಪಿ ಕಚ್ಚಿಕೊಂಡು ಅದರ ಪಕ್ಕದಿಂದಲೇ ಮಾತಾಡುವ ಆ ಹೆಂಗಸನ್ನು ಮಕ್ಕಳು ಸೀಟಿ ಮೇಡಂ ಎನ್ನುತ್ತಿದ್ದವು. ಸ್ಟಾಪ್‌ವಾಚ್ ಹಿಡಿಯುವುದು ಅಪ್ಪ ಅಮ್ಮಂದಿರ ಕೆಲಸ. ‘ನೀವು ಟೈಮ್ ಕೀಪರ್ ಅಲ್ವಾ, ನಿಮಗಿಂತ ಬೇಕಾ?’ ಎಂದು ಮೇಡಂ ವಾಚನ್ನು ಅವನ ಕೈಗೆ ಹಾಕಿದ್ದರು. ಆ ದಿನ ಅವನು ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ. ಕಲ್ಲುಬೆಂಚಿನ ಮೇಲೆ ಕೂತವನಿಗೆ ಕಣ್ಣು ಕೂಡಿಬಂತು. ಮಗಳ ಕೈ ಗೋಡೆ ಮುಟ್ಟಿದ್ದು ಕಂಡಿತ್ತು, ಆದರೆ ಕಂಡದ್ದು ಹೆಬ್ಬೆರಳಿಗೆ ತಲುಪಲು ಎರಡು ಸೆಕೆಂಡು ಹಿಡಿಯಿತು. ಒಂದು ನಿಮಿಷ ಹದಿನೈದು ಸೆಕೆಂಡಿನ ಮೇಲೆ ಎರಡು. ‘ಹದಿನೈದು ಎರಡು’ ಎಂದ. ತಪ್ಪಾಯಿತು ಎನ್ನಲು ನಾಚಿಕೆಯಾಯಿತು. ಅವಳು ನೀರಿನಿಂದ ತಲೆ ಎತ್ತಿ, ಕನ್ನಡಕವನ್ನು ಹಣೆಗೆ ಸರಿಸಿ, ‘ಹದಿನೈದಾ? ಸಾಧ್ಯಾನೇ ಇಲ್ಲ’ ಎಂದು ನೀರಿಗೆ ಗುದ್ದಿದಳು. ಐದು ನಿಮಿಷ ಬಿಟ್ಟು ಮತ್ತೆ ಈಜಿದಾಗ ಹನ್ನೆರಡು ಆರು. ಅಲ್ಲಿಯವರೆಗೆ ಅವಳು ಎಂದೂ ಮುಟ್ಟಿರದ ವೇಗ. ಸೀಟಿ ಮೇಡಂ ಪೀಪಿಯ ಪಕ್ಕದಿಂದ, ‘ಕೆಲವು ಮಕ್ಕಳು ಹಿಂಗೇ. ಕೆಟ್ಟ ಟೈಮು ಕೇಳಿದ್ರೆ ಮುಂದಿನ ಸಲ ಉರ್ಕೊಂಡು ಈಜ್ತಾರೆ. ಕೆಲವರು ಅದೇ ಕೇಳಿ ಕಲ್ಲು ಥರ ಮುಳುಗ್ತಾರೆ. ನಿಮ್ಮದು ಯಾವ ಥರ ಅಂತ ನೀವೇ ನೋಡ್ಕೊಳ್ಳಿ’ ಎಂದು ಮುಂದಿನ ಮಗುವಿನ ಕಡೆ ಹೋದರು. ಅವನು ನೋಡಿಕೊಂಡ. ಉರಿಯುವ ಥರ ಎಂದು ಅಲ್ಲೇ, ಆ ಒದ್ದೆ ಬೆಂಚಿನ ಮೇಲೇ ತೀರ್ಮಾನಿಸಿದ. ಮಾರನೆಯ ದಿನ ಹೆಬ್ಬೆರಳು ಸರಿಯಾದ ಕ್ಷಣಕ್ಕೇ ಒತ್ತಿತು, ಎರಡು ಸೆಕೆಂಡು ಸೇರಿಸಿದ್ದು ಬಾಯಿ.

ಅದರಲ್ಲಿ ಅವನಿಗೆ ಮೋಸವೇನೂ ಕಂಡಿರಲಿಲ್ಲ. ಡಿಪೋದಲ್ಲಿ ಇಪ್ಪತ್ತೆರಡು ವರ್ಷ ಮಾಡಿದ್ದು ಅದನ್ನೇ. ಆರೂಕಾಲಿನ ಬಸ್ಸಿನ ಡ್ರೈವರಿಗೆ ಆರೂ ಹತ್ತು ಎಂದು ಹೇಳಬೇಕು. ಆಗ ಆರೂಕಾಲಿಗೆ ಬಸ್ಸು ಗೇಟು ದಾಟುತ್ತದೆ. ಅಲ್ಲಿನ ಗೋಡೆ ಗಡಿಯಾರ ಮೊದಲು ನಾಲ್ಕು ನಿಮಿಷ ಮುಂದಿತ್ತಂತೆ. ಡ್ರೈವರುಗಳು ನಾಲ್ಕು ಕಳೆದು ಚಹಾ ಕುಡಿಯತೊಡಗಿದ ಮೇಲೆ ಯಾರೋ ಸಾಹೇಬರು ಅದನ್ನು ಎಂಟು ಮಾಡಿದರು. ಡ್ರೈವರುಗಳು ಎಂಟು ಕಳೆದರು. ಈಗ ಅದು ಹನ್ನೆರಡರಲ್ಲಿ ನಿಂತಿದೆ, ಎಲ್ಲರೂ ಹನ್ನೆರಡು ಕಳೆಯುತ್ತಾರೆ, ಬಸ್ಸುಗಳು ಮೊದಲು ಎಷ್ಟು ತಡವಾಗಿ ಹೊರಡುತ್ತಿದ್ದವೋ ಅಷ್ಟೇ ತಡವಾಗಿ ಹೊರಡುತ್ತವೆ. ಮುಂದಿಟ್ಟ ಗಡಿಯಾರ ಕೆಲಸ ಮಾಡುವುದು ಅದು ಮುಂದಿದೆ ಎಂದು ಗೊತ್ತಿಲ್ಲದವರ ಮೇಲೆ ಮಾತ್ರ. ಈ ಮಾತು ಅವನಿಗೆ ಹೊಳೆದದ್ದು ತೀರ ಈಚೆಗೆ. ಹೊಳೆದ ರಾತ್ರಿ ನಿದ್ದೆ ಬರಲಿಲ್ಲ. ಗೊತ್ತಿಲ್ಲದವಳು ಅವಳೊಬ್ಬಳೇ ಆಗಿದ್ದಳು.

ಮೊದಲ ಎರಡು ತಿಂಗಳು ಅವಳು ನಿಜಕ್ಕೂ ಉರಿದಳು. ಆಮೇಲೆ ಯಾವತ್ತು, ಯಾವ ಬೆಳಿಗ್ಗೆ, ಅದು ಆರಿತು? ನೀರಿಗೆ ಗುದ್ದುವುದು ನಿಂತಿತು. ‘ಎಷ್ಟು?’ ಎಂದು ಕೇಳುವುದು ನಿಂತಿತು. ಅವನೇ ಹೇಳಬೇಕಾಯಿತು, ಹೇಳಿದರೆ, ‘ಹೂಂ’. ಹಾಗಿದ್ದೂ ಅವಳ ದೇಹ ಮಾತ್ರ, ಯಜಮಾನನ ಮನಸ್ಸು ಕೆಟ್ಟದ್ದು ತಿಳಿಯದ ಎತ್ತಿನ ಹಾಗೆ, ದಿನದಿನಕ್ಕೆ ವೇಗವಾಗುತ್ತಲೇ ಹೋಯಿತು. ರಾಜ್ಯ ತಂಡದ ಆಯ್ಕೆಗೆ ಪಂದ್ಯದಲ್ಲಿ ಬೇಕಾದದ್ದು ಒಂದು ನಿಮಿಷ ಹತ್ತು ಸೆಕೆಂಡು. ಅವಳ ನಿಜವಾದ ಟೈಮು ಆ ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಅವಳು ಮಾತ್ರ ಇನ್ನೂ ಬೀದಿಯಲ್ಲೇ ನಿಂತು ಬಾಗಿಲು ನೋಡುತ್ತಿದ್ದಳು. ಸೇರಿಸುವುದನ್ನು ಸ್ವಲ್ಪ ಸ್ವಲ್ಪವೇ ಇಳಿಸಿಬಿಡೋಣ ಎಂದು ಅವನು ಎಷ್ಟೋ ಸಲ ಯೋಚಿಸಿದ. ಆದರೆ ಪ್ರತಿ ಬೆಳಿಗ್ಗೆ ವಾಚು ನೋಡಿ ಬಾಯಿ ತೆರೆದಾಗ ಹಳೆಯ ಭಯವೊಂದು ನಾಲಿಗೆಯನ್ನು ಹಿಡಿದು ಎಳೆಯುತ್ತಿತ್ತು. ಒಳ್ಳೆಯದನ್ನು ಮೊದಲೇ ಹೇಳಬಾರದು. ಹೇಳಿದರೆ ಅದು ಬರುವ ದಾರಿಯಲ್ಲೇ ತಿರುಗಿ ಹೋಗುತ್ತದೆ. ಹೇಗೂ ಪಂದ್ಯದ ದಿನ ಬೋರ್ಡು ಇದೆಯಲ್ಲ, ಎಂದುಕೊಂಡ. ಬೋರ್ಡು ನಿಜ ಹೇಳಲಿ, ಅವಳ ಕಣ್ಣು ಅರಳಲಿ. ಆ ಅರಳುವಿಕೆಯನ್ನು ಅವನು ಪಾಳಿಯ ನಡುವೆ, ಟ್ರಿಪ್ ಶೀಟುಗಳ ಮೇಲೆ ಸೀಲು ಹೊಡೆಯುತ್ತ, ಎಷ್ಟು ಸಲ ಕಲ್ಪಿಸಿಕೊಂಡಿದ್ದನೆಂದರೆ ಅದು ಆಗಿಹೋದ ನೆನಪಿನ ಹಾಗೆ ಸವೆದಿತ್ತು.

ಬಸ್ಸಿನಲ್ಲಿ ಮೂವರಿಗೂ ಸೀಟು ಸಿಕ್ಕಿತು. ಹೆಂಡತಿ ಗಾರ್ಮೆಂಟ್ ಕಾರ್ಖಾನೆಯ ವಾರದ ದಣಿವನ್ನೆಲ್ಲ ಕಿಟಕಿಗೆ ಒರಗಿಸಿ ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿಯೇ, ‘ಆಗುತ್ತೆ ಬಿಡೇ, ನಂಗ್ಯಾಕೋ ಅನ್ನಿಸ್ತಿದೆ’ ಎಂದಳು. ಅವಳಿಗೆ ಯಾವಾಗಲೂ ಯಾಕೋ ಅನ್ನಿಸುತ್ತದೆ. ಸುಟ್ಟುಹೋದ ಮಿಕ್ಸಿ ಬಗ್ಗೆಯೂ ಹಾಗೇ ಅನ್ನಿಸಿತ್ತು. ಡ್ರೈವರು ಕನ್ನಡಿಯಲ್ಲಿ ಅವನನ್ನು ಗುರುತು ಹಿಡಿದು ಸಿಗ್ನಲ್ಲಿನಲ್ಲಿ ಹಿಂದಕ್ಕೆ ತಿರುಗಿದ. ‘ಏನು ಮುಂಗಡ ಸಾಹೇಬ್ರು, ಸಂಸಾರ ಸಮೇತ ಹೊರಟುಬಿಟ್ರಿ? ಮಗಳದ್ದೇನೋ ಪಂದ್ಯ ಅಂತಲ್ಲ. ಸಿಹಿ ಡಬ್ಬಿ ಎಲ್ಲಿ?’ ಬಸ್ಸಿನಲ್ಲಿ ಇಬ್ಬರು ಮೂವರು ನಕ್ಕರು. ಅವರಿಗೆ ಏನೂ ಗೊತ್ತಿಲ್ಲದಿದ್ದರೂ ನಕ್ಕರು. ಹದಿನಾಲ್ಕು ವರ್ಷದ ಹಿಂದೆ ಸೂಪರ್‌ವೈಸರ್ ಪಟ್ಟಿಯಲ್ಲಿ ನಿನ್ನ ಹೆಸರಿದೆಯಂತೆ ಎಂದು ಗುಮಾಸ್ತನೊಬ್ಬ ಕಿವಿಯಲ್ಲಿ ಊದಿದ್ದ. ಅವನು ಆ ಸಂಜೆಯೇ ಎರಡು ಕಿಲೋ ಸಿಹಿ ತಂದು ಡಿಪೋದಲ್ಲೆಲ್ಲ ಹಂಚಿದ. ಮಾರನೆಯ ದಿನ ನೋಟೀಸ್ ಬೋರ್ಡಿಗೆ ಅಂಟಿಸಿದ ಹಾಳೆಯಲ್ಲಿ ಬೇರೆ ಯಾರದೋ ಹೆಸರು. ಅವತ್ತಿನಿಂದ ಅವನು ಮುಂಗಡ. ಅವನ ಸಿಹಿ ತಿಂದವರೆಲ್ಲ ನಿವೃತ್ತರಾದರು, ಹೆಸರು ಮಾತ್ರ ಹೊಸ ಡ್ರೈವರುಗಳಿಗೂ ದಾಟಿಕೊಂಡು ಬಂತು. ‘ಏನಿಲ್ಲಪ್ಪ,’ ಎಂದ ಅವನು, ನಗುವಂತೆ ಬಾಯಿ ಅಗಲಿಸಿ, ‘ಪಂದ್ಯ ಏನು ಬಂತು, ಸುಮ್ನೆ ಒಂದು ಅನುಭವ ಆಗ್ಲಿ ಅಂತ ಅಷ್ಟೆ.’ ಹೇಳಿ ಮುಗಿಸಿದ ಮೇಲೆ ಪಕ್ಕದಲ್ಲಿ ಮಗಳಿದ್ದಾಳೆ ಎಂಬುದು ನೆನಪಾಯಿತು. ಅವಳು ಚೀಲವನ್ನು ಎದೆಗವಚಿಕೊಂಡು ಮುಂದಿನ ಸೀಟಿನ ಹಿಂಬದಿಯಲ್ಲಿ ಯಾರೋ ಕೆತ್ತಿದ್ದ ಅಕ್ಷರಗಳನ್ನು ಓದುತ್ತಿದ್ದಳು. ಅವಳ ಭುಜ ಅವನ ಭುಜಕ್ಕೆ ತಾಗಿಕೊಂಡೇ ಇತ್ತು. ಬಸ್ಸು ತಿರುಗಿದಾಗಲೂ ಅವಳು ಅದನ್ನು ಸರಿಸಲಿಲ್ಲ. ಸರಿಸಿದ್ದರೆ ಚೆನ್ನಾಗಿತ್ತು.

ಕೊಳದ ಗೋಡೆಗೆ ಹೀಟುಗಳ, ಎಂದರೆ ಎಂಟೆಂಟು ಜನ ಒಟ್ಟಿಗೆ ಈಜುವ ತಂಡಗಳ, ಪಟ್ಟಿ ಅಂಟಿಸಿದ್ದರು. ನೂರು ಮೀಟರ್ ಬ್ಯಾಕ್‌ಸ್ಟ್ರೋಕ್, ಹುಡುಗಿಯರು. ಒಟ್ಟು ನಾಲ್ಕು ಹೀಟು. ನಿಧಾನದವರು ಮೊದಲು, ವೇಗದವರು ಕೊನೆಗೆ. ಅವನು ಕೊನೆಯ ಹೀಟಿನಿಂದ ಓದುತ್ತ ಬಂದ. ಮೂರನೆಯದರಲ್ಲಿ ಇಲ್ಲ. ಎರಡರಲ್ಲೂ ಇಲ್ಲ. ಮೊದಲನೆಯ ಹೀಟು, ಎಂಟನೆಯ ಲೇನು. ಗೋಡೆಯ ಪಕ್ಕದ್ದು. ಅಲೆಗಳೆಲ್ಲ ಗೋಡೆಗೆ ಬಡಿದು ವಾಪಸು ಬರುವ ಜಾಗ. ‘ನೋಡಿದ್ರಾ?’ ಸೀಟಿ ಮೇಡಂ ಬೆನ್ನ ಹಿಂದೆ ನಿಂತಿದ್ದರು. ‘ನಿಮ್ಮ ಪುಸ್ತಕದ ಟೈಮೇ ಹಾಕಿದ್ದು. ಎರಡು ಸೆಕೆಂಡು ಕಡಿಮೆ ಇದ್ದಿದ್ರೆ ಕೊನೇ ಹೀಟು, ನಡುವಿನ ಲೇನು. ಅಕ್ಕಪಕ್ಕ ಎಳ್ಕೊಂಡು ಹೋಗೋ ಹುಡುಗೀರು ಇರ್ತಿದ್ರು. ಇಲ್ಲಿ ಯಾರಿದಾರೆ? ಇವಳೊಬ್ಬಳೇ.’ ಮೇಡಂ ನಿಟ್ಟುಸಿರು ಬಿಟ್ಟಿದ್ದಕ್ಕೆ ಪೀಪಿ ತಾನೇ ಸಣ್ಣಗೆ ಕೂಗಿತು. ಅರ್ಜಿಗೆ ಸಹಿ ಹಾಕಿದ್ದು ಅವನೇ. ಅತ್ಯುತ್ತಮ ಸಮಯ ಎಂದಿದ್ದ ಕಡೆ ಒಂದು ನಿಮಿಷ ಹನ್ನೊಂದು ಸೆಕೆಂಡಿನ ಮೇಲೆ ಆರು ಎಂದು ಮೇಡಂ ಬರೆದದ್ದನ್ನು ನೋಡಿ, ಕೆಳಗೆ ‘ಪೋಷಕರು’ ಎಂಬಲ್ಲಿ, ಟ್ರಿಪ್ ಶೀಟಿಗೆ ಹಾಕುವ ಅದೇ ಸಹಿ. ಇಲ್ಲ ಮೇಡಂ, ಗುರುವಾರ ಅವಳು ಒಂಬತ್ತು ಎಂಟು ಈಜಿದ್ದಾಳೆ ಎನ್ನಲು ಆಗ ಒಂದು ಉಸಿರು ಸಾಕಿತ್ತು. ಆ ಒಂದು ಉಸಿರಿಗೆ ಎಂಟು ತಿಂಗಳ ಉಸಿರುಗಳು ಅಡ್ಡ ನಿಂತವು.

ಇನ್ನು ಇಪ್ಪತ್ತು ನಿಮಿಷ. ಈಗಲಾದರೂ ಹೇಳಬೇಕು. ಬಟ್ಟೆ ಬದಲಿಸುವ ಕೋಣೆಯ ಹೊರಗಿನ ಓಣಿಯಲ್ಲಿ ಕ್ಲೋರಿನ್ ವಾಸನೆ, ಒದ್ದೆ ಕಾಲುಗಳ ಗುರುತು. ಹುಡುಗಿಯರು ಗುಂಪಾಗಿ ಹೊರಬಂದು ನಗುತ್ತ ಹೋದರು. ಅವಳು ಕೊನೆಯಲ್ಲಿ ಬಂದಳು. ಟೋಪಿಯೊಳಗೆ ಕೂದಲು ಸೇರಿಸುತ್ತ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು. ಹದಿನಾರು ವರ್ಷದ ಮಗಳ ಭುಜಗಳು ತನ್ನವಕ್ಕಿಂತ ಅಗಲವಾಗಿರುವುದು ಅವನಿಗೆ ಪ್ರತಿ ಸಲ ಹೊಸದಾಗಿ ಕಾಣುತ್ತಿತ್ತು.

‘ಇಲ್ಲಿ ಕೇಳು.’

‘ಏನಪ್ಪ?’

‘ನಿನ್ನ ಟೈಮು ಹನ್ನೊಂದು ಆರು ಅಲ್ಲ.’

‘ಮತ್ತೆ?’

‘ಒಂಬತ್ತು ಎಂಟು. ಗುರುವಾರದ್ದು. ನಾನು... ನಾನು ಜಾಸ್ತಿ ಹೇಳಿದ್ದು. ನಿಜವಾಗ್ಲೂ ಒಂಬತ್ತು ಎಂಟು.’

ಅವಳು ಕ್ಲಿಪ್ಪನ್ನು ಬಾಯಿಂದ ತೆಗೆದಳು. ಅವನು ಸಿಟ್ಟಿಗೆ ಸಿದ್ಧನಾಗಿದ್ದ, ಅಳುವಿಗೆ ಸಿದ್ಧನಾಗಿದ್ದ. ಅವಳು ಮುಗುಳ್ನಕ್ಕಳು. ಕಾಯಿಲೆಯವರನ್ನು ನೋಡಲು ಹೋದಾಗ ನಗುವ ನಗು.

‘ಅಮ್ಮ ಹೇಳಿಕೊಟ್ಟಳಾ?’

‘ಏನನ್ನ?’

‘ಹಿಂಗೆ ಹೇಳು ಅಂತ. ಧೈರ್ಯ ಬರ್ಲಿ ಅಂತ.’

‘ಅಯ್ಯೋ ಅಲ್ಲ ಕಣೆ, ನಿನ್ನಾಣೆಗೂ...’

‘ಪರವಾಗಿಲ್ಲ ಬಿಡಪ್ಪ.’ ಅವಳು ಅವನ ಅಂಗಿಯ ತೋಳನ್ನು ಒಂದು ಸಲ ಸವರಿದಳು. ‘ಈ ವಯಸ್ಸಲ್ಲಿ ಸುಳ್ಳು ಹೇಳೋದು ಕಲೀಬೇಡ. ನಿಂಗೆ ಅದು ಬರಲ್ಲ.’

ಪೀಪಿ ಕೂಗಿತು. ಅವಳು ಹೋದಳು. ಒದ್ದೆ ನೆಲದ ಮೇಲೆ ಅವಳ ಹೆಜ್ಜೆಗಳು ಒಂದೊಂದಾಗಿ ಆರುವುದನ್ನು ನೋಡುತ್ತ ಅವನು ನಿಂತ. ಇಷ್ಟು ವರ್ಷ ಒಂದೇ ಒಂದು ಸಲ ಹೊಗಳದವನ ಬಾಯಲ್ಲಿ ನಿಜ ಬಂದರೆ ಅದು ಖೋಟಾ ನೋಟಿನ ಹಾಗೆ ಕಾಣುತ್ತದೆ ಎಂದು ಅವನು ಯಾಕೆ ಯೋಚಿಸಲಿಲ್ಲ? ಐದರಲ್ಲಿ ನಾಲ್ಕು ಅಂಕ ತಂದಾಗ ‘ಇನ್ನೊಂದು ಎಲ್ಲಿ?’ ಎಂದಿದ್ದ. ಚಿತ್ರ ಬರೆದು ತಂದಾಗ ‘ಮನೆ ಸೊಟ್ಟಗಾಗಿದೆ’ ಎಂದಿದ್ದ. ಅದು ಸೊಟ್ಟಗೇ ಇತ್ತು. ಅವನು ಸುಳ್ಳು ಹೇಳಿರಲಿಲ್ಲ.

ಮೆಟ್ಟಿಲುಗಳ ಮೇಲೆ ಹೆಂಡತಿ ಅವನಿಗೆ ಜಾಗ ಹಿಡಿದಿದ್ದಳು. ಅವನ ಜೇಬಿನಲ್ಲಿ ಸ್ಟಾಪ್‌ವಾಚು. ಇವತ್ತು ಅದನ್ನು ಯಾರೂ ಕೇಳುವುದಿಲ್ಲ. ಗೋಡೆಗೆ ಹಳದಿ ಹಲಗೆ ಕೂರಿಸಿದ್ದಾರೆ, ಬೆರಳು ತಾಗಿದರೆ ಸಾಕು, ಎದುರಿನ ಬೋರ್ಡಿನಲ್ಲಿ ಕೆಂಪು ಅಂಕಿ ನಿಲ್ಲುತ್ತದೆ. ಆದರೂ ಅವನ ಹೆಬ್ಬೆರಳು ಜೇಬಿನೊಳಗೆ ಗುಂಡಿಯನ್ನು ಹುಡುಕಿಕೊಂಡಿತು. ಎಂಟು ಹುಡುಗಿಯರು ನೀರಿಗೆ ಇಳಿದು, ಗೋಡೆಗೆ ಮುಖ ಮಾಡಿ, ಕಂಬಿ ಹಿಡಿದು ಕುಕ್ಕರಿಸಿದರು. ಸದ್ದಾಯಿತು. ಬೆನ್ನುಗಳು ಬಿಲ್ಲಿನ ಹಾಗೆ ಬಾಗಿ ನೀರೊಳಗೆ ಹೋದವು. ಅವನು ಒತ್ತಿದ.

ಬೆನ್ನ ಮೇಲೆ ಈಜುವವರಿಗೆ ಮುಂದಿರುವವರು ಕಾಣುವುದಿಲ್ಲ. ಕಾಣುವುದು ಹಿಂದಿರುವವರು ಮಾತ್ರ. ಇಪ್ಪತ್ತೈದು ಮೀಟರಿನಲ್ಲೇ ಅವಳು ಎಲ್ಲರಿಗಿಂತ ಒಂದು ಮೈಯುದ್ದ ಮುಂದಿದ್ದಳು. ಹೆಂಡತಿ ಎದ್ದು ನಿಂತಳು. ಐವತ್ತರಲ್ಲಿ ಅವಳು ಮಗುಚಿ ಗೋಡೆಗೆ ಒದ್ದಾಗ ಜೇಬಿನಿಂದ ತೆಗೆದು ನೋಡಿದ ವಾಚಿನಲ್ಲಿ ಮೂವತ್ತಮೂರೂವರೆ ಸೆಕೆಂಡು. ಅದು ಗುರುವಾರದ್ದಕ್ಕಿಂತ ಚೆನ್ನಾಗಿತ್ತು. ಇನ್ನು ಬರಬೇಕಾದದ್ದು ಒಂದೇ ಸುತ್ತು. ಆಮೇಲೆ ಅವನು ಕಂಡ: ಅವಳು ನೋಡುತ್ತಿದ್ದಾಳೆ. ಕಾಲಿನ ನೊರೆಯಾಚೆ, ದೂರ ದೂರವಾಗುತ್ತಿರುವ ಏಳು ಜನರನ್ನು. ಇಷ್ಟು ದೂರ ಬಂದುಬಿಟ್ಟೆನಾ ಎಂಬ ಅಚ್ಚರಿ ಅವಳ ಕೈಗಳಲ್ಲಿ ಇಳಿಯಿತು. ಒಂದು ಕೈ, ಇನ್ನೊಂದು ಕೈ, ಚೆಂದವಾಗಿ, ಅವಸರವಿಲ್ಲದೆ. ಪಕ್ಕದಲ್ಲಿ ಒಬ್ಬಳಾದರೂ ಇದ್ದಿದ್ದರೆ! ಗೋಡೆಗೆ ಬಡಿದ ಅಲೆ ಅವಳ ಮುಖದ ಮೇಲೆ ಮಗುಚಿತು. ಗೋಡೆ ಹತ್ತಿರವಾಯಿತೆಂದು ತಿಳಿಸಲು ಮೇಲೆ ಕಟ್ಟಿದ್ದ ಬಣ್ಣದ ಬಾವುಟಗಳು ಬಂದವು. ಅವಳು ಕೈಗಳನ್ನು ಎಣಿಸಿದಳು, ಅವನೂ ಎಣಿಸಿದ. ಬೆರಳು ಹಲಗೆಗೆ ತಾಗಿತು.

ಒಂದು ಹತ್ತು ಮೂರು.

ಅವಳು ಅದನ್ನು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಎರಡೂ ಅಂಗೈಗಳಿಂದ ನೀರನ್ನು ಬಡಿದು, ಅವನು ಆರು ತಿಂಗಳಿಂದ ಕೇಳದ ದನಿಯಲ್ಲಿ ಕೂಗಿದಳು. ಹನ್ನೊಂದು ಆರರಿಂದ ಹತ್ತು ಮೂರಕ್ಕೆ! ಅವಳ ಬದುಕಿನಲ್ಲೇ ಅತ್ಯಂತ ವೇಗದ ಈಜು. ‘ಸೆಕೆಂಡಿನ ಮೂರೇ ಮೂರು ಹನಿ ರೀ, ಆಯ್ಕೆ ಅಷ್ಟರಲ್ಲಿ ತಪ್ಪಿದ್ದು! ನಾನು ಹೇಳ್ಲಿಲ್ವಾ?’ ಹೆಂಡತಿ ಪಕ್ಕದ ಅಪರಿಚಿತ ಹೆಂಗಸನ್ನು ತಬ್ಬಿಕೊಂಡು ಅಳುತ್ತಿದ್ದಳು. ಇಡೀ ಮೆಟ್ಟಿಲ ಸಾಲಿನಲ್ಲಿ ಕೂತೇ ಇದ್ದವನು ಅವನೊಬ್ಬ. ಅವನಿಗೆ ಅದು ಗುರುವಾರಕ್ಕಿಂತ ಅರ್ಧ ಸೆಕೆಂಡು ತಡ. ಎಂಟು ತಿಂಗಳು ಕಾದಿಟ್ಟುಕೊಂಡ ಆ ಅರಳಿದ ಮುಖ ಅಲ್ಲಿ ನೀರಿನಲ್ಲಿ ಇತ್ತು, ಅವನು ಕಲ್ಪಿಸಿಕೊಂಡಿದ್ದಕ್ಕಿಂತ ಚೆನ್ನಾಗಿತ್ತು, ಮತ್ತು ಅವನು ಅದನ್ನು ನೋಡಲಾರದೆ ಹೋದ. ಅಷ್ಟರಲ್ಲಿ ಅವಳು ಜನರ ನಡುವೆ ಅವನನ್ನು ಹುಡುಕಿ ಹಿಡಿದಳು. ಎತ್ತಿದ ಕೈ ಹಾಗೇ ನಿಂತಿತು. ಅವನ ಮುಖದಲ್ಲಿ ಅವಳಿಗೆ ಏನು ಕಂಡಿತೋ. ಅವನು ನಗಲು ಪ್ರಯತ್ನಿಸಿದ್ದೇನೋ ಹೌದು. ಕೈ ನಿಧಾನವಾಗಿ ಕೆಳಗಿಳಿಯಿತು. ಓಣಿಯಲ್ಲಿ ಕೇಳಿದ ಮಾತು ನೀರಿನಡಿಯಿಂದ ಮೇಲೆ ಬಂದು ಅವಳನ್ನು ತಲುಪಿದ್ದನ್ನು ಅವನು ಆ ದೂರದಿಂದಲೇ ಕಂಡ.

ಕೊಳದ ಹಿಂಬದಿಯಲ್ಲಿ ಪಂಪಿನ ಮನೆಯ ಮೆಟ್ಟಿಲ ಮೇಲೆ ಅವಳು ಟವೆಲ್ ಹೊದ್ದು ಕೂತಿದ್ದಳು. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊಣಕಾಲ ಮೇಲೆ ಅವನ ಪುಸ್ತಕ; ಚೀಲದಿಂದ ಅವಳೇ ತೆಗೆದುಕೊಂಡಿದ್ದಳು.

‘ಗುರುವಾರ ಎಷ್ಟು ಅಂದೆ?’

‘ಒಂಬತ್ತು ಎಂಟು.’

ಹನ್ನೊಂದು ಆರನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದಳು. ‘ಅದರ ಹಿಂದಿನ ಸೋಮವಾರ?’

‘ಹತ್ತು ಒಂದು.’

‘ಅದರ ಹಿಂದೆ?’

ಅವನಿಗೆ ಎಲ್ಲವೂ ನೆನಪಿದ್ದವು. ನೂರಿಪ್ಪತ್ತು ಬಸ್ಸುಗಳ ಹೊರಡುವ ಹೊತ್ತನ್ನು ಬಾಯಲ್ಲೇ ಇಟ್ಟುಕೊಂಡವನು. ಅವಳು ದಿನಾಂಕ ಓದಿದಳು, ಅವನು ಹೇಳಿದ, ಅವಳು ಹೊಡೆದು ಬರೆದಳು. ಪಂಪು ಗುಂಯ್‌ಗುಡುತ್ತಿತ್ತು. ಒಂದು ಪುಟದಲ್ಲಿ ಅವಳ ಪೆನ್ನು ನಿಂತಿತು. ‘ಈ ದಿನ ನಾನು ಬಾತ್‌ರೂಮಲ್ಲಿ ಅತ್ತಿದ್ದೆ,’ ಎಂದಳು, ದೂರುವ ದನಿಯಲ್ಲಲ್ಲ, ಗುರುತು ಹಿಡಿದ ದನಿಯಲ್ಲಿ. ‘ಎಷ್ಟು?’ ‘ಹತ್ತು ಐದು.’ ‘ಹೂಂ.’ ಬರೆದಳು. ಕೊನೆಗೆ ಎಂಟು ತಿಂಗಳ ಹಿಂದಿನ ಆ ಹದಿನೈದು ಎರಡು ಬಂತು. ‘ಇದೊಂದು ಮಾತ್ರ ನಂಗೂ ಗೊತ್ತಿಲ್ಲ,’ ಎಂದ. ‘ಅವತ್ತು ನಿದ್ದೆ ಹತ್ತಿತ್ತು.’ ಅವಳು ಆ ಜಾಗವನ್ನು ಹೊಡೆದು ಖಾಲಿ ಬಿಟ್ಟಳು.

‘ಯಾಕಪ್ಪ?’

ನಿನಗಾಗಿಯೇ ಎಂಬ ಉತ್ತರ ಎಷ್ಟೋ ದಿನದಿಂದ ಸಿದ್ಧವಾಗಿತ್ತು. ಅದು ಬಾಯಿಗೆ ಬಂದಾಗ ಬಸ್ಸಿನಲ್ಲಿ ನಕ್ಕವರ ಸದ್ದೂ ಜೊತೆಗೇ ಬಂತು. ‘ನಂಗೆ ಭಯ,’ ಎಂದ. ‘ಒಳ್ಳೇದು ಮೊದ್ಲೇ ಹೇಳಿಬಿಟ್ರೆ ಅದು ಆಗಲ್ಲವೇನೋ ಅಂತ.’

ಅವಳು ಪುಸ್ತಕ ಮುಚ್ಚಿದಳು. ‘ಮನೆ ಗಡಿಯಾರದಲ್ಲಾದ್ರೆ ಹತ್ತು ಕಳೀಬೇಕು ಅಂತ ಗೊತ್ತಿತ್ತು,’ ಎಂದಳು. ‘ನಿನ್ನಲ್ಲಿ ಎಷ್ಟು ಕಳೀಬೇಕು ಅಂತ ಯಾರೂ ಹೇಳಿರ್ಲಿಲ್ಲ.’ ಎದ್ದು ಟವೆಲ್ ಹಿಂಡಿದಳು. ‘ಮೇಡಂಗೆ ನೀನೇ ಹೇಳ್ಬೇಕು. ನಾನು ಹೇಳಲ್ಲ.’

ಅವನು ಹೇಳಿದ. ಸೀಟಿ ಮೇಡಂ ಮೊದಲ ಬಾರಿಗೆ ಪೀಪಿಯನ್ನು ಬಾಯಿಂದ ಪೂರ್ತಿ ತೆಗೆದು ಕೇಳಿಸಿಕೊಂಡರು. ಪೀಪಿಯಿಲ್ಲದ ಅವರ ಮುಖ ವಯಸ್ಸಾದಂತೆ ಕಂಡಿತು. ‘ನಾನು ಮಕ್ಕಳ ವಿಚಾರ ಹೇಳಿದ್ದೆ,’ ಎಂದರು. ‘ನೀವು ನಿಮ್ಮ ವಿಚಾರ ಕೇಳಿಸ್ಕೊಂಡ್ರಿ.’ ಹೊರಟವನನ್ನು ಕರೆದು, ‘ಮೂರು ತಿಂಗಳಿಗೆ ಇನ್ನೊಂದು ಆಯ್ಕೆ ಇದೆ. ಅವಳು ಬಂದ್ರೆ,’ ಎಂದರು.

ಮೂವರೂ ಮನೆಗೆ ಬಂದರು. ಹೆಂಡತಿಗೆ ವಿಷಯ ತಿಳಿದದ್ದು ಮಗಳಿಂದಲೋ, ಹೊಡೆದು ತಿದ್ದಿದ ಪುಸ್ತಕದಿಂದಲೋ. ಅವಳು ಬೈಯಲಿಲ್ಲ. ತಟ್ಟೆ ಇಡುವಾಗ ಅವನ ತಟ್ಟೆಯನ್ನು ಸ್ವಲ್ಪ ಗಟ್ಟಿಯಾಗಿ ಇಟ್ಟಳು, ಅಷ್ಟೆ. ಊಟ ಮುಗಿಸಿ ಮಗಳು ಕೈ ತೊಳೆದು ಬಂದು, ಅವನ ಮುಂದೆ ಅಂಗೈ ಚಾಚಿದಳು. ಏನು ಬೇಕೆಂದು ಅವನಿಗೆ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಜೇಬಿನಿಂದ ಸ್ಟಾಪ್‌ವಾಚು ತೆಗೆದು ಕೊಟ್ಟ. ಅದರ ದಾರದಲ್ಲಿ ಅವನ ಕತ್ತಿನ ಬೆವರಿನ ಗುರುತಿತ್ತು. ಅವಳು ಅದನ್ನು ಅಮ್ಮನ ಕೊರಳಿಗೆ ಹಾಕಿದಳು.

‘ನಾಳೆಯಿಂದ ಅಮ್ಮ ಬರ್ಲಿ.’

‘ನಂಗೆ ಇದೆಲ್ಲ ಎಲ್ಲಿ ಬರುತ್ತೇ?’ ಎಂದಳು ಹೆಂಡತಿ. ಅವನು ತಲೆ ತಗ್ಗಿಸಿ ಕೂತಿದ್ದ. ತನ್ನಿಂದ ಕಿತ್ತುಕೊಂಡದ್ದರ ನೋವು ಮೊದಲು ಬಂತು. ಅದು ಪೂರ್ತಿ ಬಂದು ಕೂತ ಮೇಲೆ, ಅದರ ಬೆನ್ನಿಗೇ, ಅವಳು ನಾಳೆಯಿಂದ ಎಂದದ್ದು ಕೇಳಿಸಿತು. ಅವನು ತಲೆ ಎತ್ತಲಿಲ್ಲ. ಎತ್ತಿದರೆ ಆ ಮಾತು ಹಾರಿಹೋಗಬಹುದು ಎನ್ನುವಂತೆ ತಟ್ಟೆಯಲ್ಲಿ ಉಳಿದ ಅಗುಳುಗಳನ್ನು ನೋಡುತ್ತ ಕೂತ.

ಮಾರನೆಯ ಬೆಳಿಗ್ಗೆ ಅವನು ಎಚ್ಚರವಾಗಿಯೇ ಮಲಗಿದ್ದ. ಜಿಪ್ಪು ಎಳೆದ ಸದ್ದು, ಒಂದೇ ಸಲ. ಬಾಗಿಲು ತೆರೆದ ಮೇಲೆ ಹೆಂಡತಿಯ ಪಿಸುದನಿ: ‘ರೀ, ಮೊದ್ಲು ಒತ್ತೋದು ಕೆಂಪು ಗುಂಡಿನಾ, ಕಪ್ಪು ಗುಂಡಿನಾ?’ ‘ಕೆಂಪು,’ ಎಂದ ಹೊದಿಕೆಯೊಳಗಿಂದ. ‘ಮುಗಿದಾಗಲೂ ಅದನ್ನೇ.’ ಬಾಗಿಲು ಮುಚ್ಚಿತು. ಎಂಟು ತಿಂಗಳಲ್ಲಿ ಅವನಿಗೆ ಏನೂ ಅಳೆಯುವ ಕೆಲಸವಿಲ್ಲದ ಮೊದಲ ಬೆಳಿಗ್ಗೆ. ಅವನು ಎದ್ದು ಅಡುಗೆಮನೆಗೆ ಹೋದ, ಒಲೆ ಹಚ್ಚಿದ, ಆರಿಸಿದ. ಈಗ ಅವಳು ನೀರಿಗಿಳಿದಿರುತ್ತಾಳೆ. ಈಗ ಬಾವುಟಗಳ ಕೆಳಗೆ ಬಂದಿರುತ್ತಾಳೆ. ಕುರ್ಚಿ ಎಳೆದು ಗಡಿಯಾರದ ಕೆಳಗೆ ಇಟ್ಟ, ಹತ್ತಲಿಲ್ಲ. ಸುಮ್ಮನೆ ಅದರ ಮೇಲೆ ಕೂತ.

ಮೊದಲು ಬಂದದ್ದು ಹೆಂಡತಿಯ ದನಿ, ಬೀದಿಯಿಂದಲೇ. ‘ಎಂಟು ಒಂಬತ್ತು ರೀ! ಒಂದು ನಿಮಿಷ ಎಂಟು, ಮೇಲೆ ಒಂಬತ್ತು! ನನ್ನ ಕೈಯಲ್ಲೇ!’ ವಾಚನ್ನು ಅವನ ಮುಖದೆದುರು ಹಿಡಿದಳು. ಅಂಕಿ ನಿಜಕ್ಕೂ ಅದೇ. ಅವನ ಕಣ್ಣು ಅವಳ ಭುಜದಾಚೆ ಹೋಯಿತು. ಮಗಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತ, ಚಪ್ಪಲಿಗೇ ಹೇಳುವಂತೆ ಹೇಳಿದಳು:

‘ನಾನು ಗೋಡೆ ಮುಟ್ಟೋ ಮೊದ್ಲೇ ಒತ್ತಿಬಿಡ್ತಾಳೆ. ಬಾವುಟ ದಾಟಿದ್ರೆ ಸಾಕು, ಬಂದ್ಳು ಬಂದ್ಳು ಅಂತ.’

‘ಏ, ಇಲ್ಲ ಕಣೆ! ಸರಿಯಾಗೇ ಒತ್ತಿದೆ!’

‘ಒಂದೂವರೆ ಸೆಕೆಂಡು ಕೂಡಿಸಿಕೊಂಡೆ.’

ಹತ್ತು ನಾಲ್ಕು, ಎಂದು ಅವನ ಮನಸ್ಸು ಲೆಕ್ಕ ಮಾಡಿತು. ಬಾಯಿ ಮುಚ್ಚಿಕೊಂಡೇ ಇತ್ತು. ಅವಳು ಅವನ ಕಡೆ ನೋಡಲಿಲ್ಲ. ಅವನು ಕೂತ ಕುರ್ಚಿಯ ಪಕ್ಕದಿಂದಲೇ ಒಳಗೆ ಹೋಗಬೇಕಿತ್ತು, ಹೋದಳು. ಹೋಗುವಾಗ ಒದ್ದೆ ಚೀಲ ಅವನ ಮೊಣಕೈಗೆ ತಾಗಿತು. ಕೋಣೆಯ ಬಾಗಿಲಲ್ಲಿ ನಿಂತು, ತಲೆ ಒರೆಸಿಕೊಳ್ಳುತ್ತ, ಗೋಡೆಯ ಗಡಿಯಾರದ ಕಡೆ ತಲೆ ಎತ್ತಿದಳು. ಏಳೂವರೆ. ಸ್ಕೂಲಿನ ಬಸ್ಸು ಏಳೂವರೆಗೇ. ಅವನು ಕುರ್ಚಿಯಿಂದ ಅರ್ಧ ಎದ್ದ. ಅವಳ ತುಟಿ ಅಲುಗಿತು, ಚಿಕ್ಕವಳಿದ್ದಾಗ ಬೆರಳು ಮಡಚಿ ಕಳೆಯುತ್ತಿದ್ದಾಗಿನ ಹಾಗೆ.

‘ಇನ್ನೂ ಹತ್ತು ನಿಮಿಷ ಇದೆ,’ ಎಂದಳು.